ಕೆರೆಯ ಮೀನು, ಜಪಾನಿನ ಪಾಕ

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ನಮ್ಮ ಅಡಿಗೆಮನೆಯಲ್ಲಿ, ಒಲೆಯ ಮೇಲಿನ ಅಗಲಬಾಯಿಯ ಪಾತ್ರೆಯೊಳಕ್ಕೆ ಮೀನಿಗಿಂತ ಮೊದಲು ಅಚ್ಚುಬೆಲ್ಲದ ಪುಡಿ ಬೀಳುತ್ತಿರುವುದನ್ನು ಕಂಡು, ನಲವತ್ತು ವರ್ಷಗಳಿಂದ ಮೀನುಸಾರಿನಲ್ಲಿ ಕೈ ಪಳಗಿಸಿಕೊಂಡಿರುವ ನಮ್ಮ ಅತ್ತಿಗೆಯವರು, "ಇದೇನಪ್ಪಾ, ಮೀನಿಗೆ ಬೆಲ್ಲ ಹಾಕ್ತಿದೀಯ? ಸಾರು ಮಾಡ್ತೀಯೋ ಪಾಯಸ ಮಾಡ್ತೀಯೋ?" ಎಂದು ಕೇಳಿದರು. ಆ ಹೊತ್ತಿಗೆ ನಾನು ಕೊಟ್ಟ ಉತ್ತರ ಬರಿಯ ನಗೆ. ಆದರೆ ಆ ಪ್ರಶ್ನೆಯೊಳಗಿದ್ದ ಆಕ್ಷೇಪಣೆಯು ನಗೆಯಿಂದ ತೀರಿಹೋಗತಕ್ಕದ್ದಲ್ಲವಾದುದರಿಂದ, ಅದಕ್ಕೆ ಸ್ವಲ್ಪ ವಿಸ್ತಾರವಾದ ಸಮಾಧಾನವನ್ನು ಇಲ್ಲಿ ಹೇಳಬಯಸುತ್ತೇನೆ.

ಜಪಾನೀಯರ ಊಟವೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಹಸಿಯ ಮೀನು, ಅನ್ನದ ಸುರುಳಿ, ಮತ್ತು ಬೆಂಗಳೂರಿನ ಹೋಟೆಲುಗಳಲ್ಲಿ ಅವುಗಳಿಗೆ ತೆರಬೇಕಾದ ಬೆಲೆ. ಒಂದು ದೇಶದ ಊಟವನ್ನು ಹೋಟೆಲಿನಿಂದ ಅಳೆಯುವುದೆಂದರೆ, ಮದುವೆಮನೆಯ ಎಲೆಯನ್ನು ನೋಡಿ ಆ ಮನೆಯವರ ನಿತ್ಯದ ಊಟವನ್ನು ಊಹಿಸಿದಂತೆಯೇ ಸರಿ. ಆ ದೇಶದ ಸಾಮಾನ್ಯ ಗೃಹಿಣಿಯು ಸಂಜೆಯ ಅನ್ನಕ್ಕೆ ನೆಂಚಿಕೊಳ್ಳಲೆಂದು ಮಾಡುವ ಪದಾರ್ಥಗಳಲ್ಲಿ ‘ನಿಜಾಕಾನಾ’ ಎಂಬುದೊಂದುಂಟು. ಕುದಿಸಿದ ಮೀನು ಎಂಬುದಕ್ಕಿಂತ ಹೆಚ್ಚಿನ ಅರ್ಥವೇನೂ ಆ ಹೆಸರಿಗಿಲ್ಲ. ಹುರಿಯುವುದಿಲ್ಲ, ರುಬ್ಬುವುದಿಲ್ಲ, ಒಗ್ಗರಣೆಯ ಮಾತೇ ಇಲ್ಲ. ಸ್ವಲ್ಪ ನೀರು, ಸೋಯಾ ಅವರೆಯ ರಸ, ಸಿಹಿ, ಶುಂಠಿ, ಇಷ್ಟರಲ್ಲಿ ಕಾಲುಗಂಟೆಯೊಳಗೆ ಮುಗಿದುಹೋಗುವ ಪಾಕ ಅದು. 1898ರಲ್ಲಿ ಜಪಾನಿಗೆ ಹೋಗಿಬಂದ ವಿಶ್ವೇಶ್ವರಯ್ಯನವರು ಅಲ್ಲಿಯ ಕೈಗಾರಿಕೆಯನ್ನೂ ಶಿಕ್ಷಣವನ್ನೂ ನಮಗೆ ಮಾದರಿಯೆಂದು ತೋರಿಸಿದರು. ಅಡಿಗೆಮನೆಯ ಪಾಠವನ್ನೂ ಅವರಿಂದಲೇ ನಿರೀಕ್ಷಿಸುವುದು ಅನ್ಯಾಯವಾದೀತು.

ಸಮುದ್ರವಿಲ್ಲದ ನಮ್ಮ ಸೀಮೆಗೆ ದ್ವೀಪವಾಸಿಗಳ ಮೀನಡಿಗೆಯಿಂದ ಏನು ಪ್ರಯೋಜನವೆಂದು ಕೇಳುವವರಿರಬಹುದು. ಅಂಥವರು ಆ ದೇಶದ ಒಳನಾಡಾದ ಯೊನೆಜಾವಾದ ಕಡೆಗೆ ನೋಡಬೇಕು. ಬೆಟ್ಟಗಳ ನಡುವೆ ಹಿಮದಲ್ಲಿ ಹೂತುಹೋಗುವ ಆ ಸಂಸ್ಥಾನದಲ್ಲಿ ಜನಕ್ಕೆ ಮೀನು ದುರ್ಲಭವಾಗಿದ್ದುದನ್ನು ಕಂಡು, ಮಿತವ್ಯಯಕ್ಕೆ ಹೆಸರಾದ ಅದರ ಹಿಂದಿನ ಅಧಿಪತಿ ಉಎಸುಗಿ ಯೋಜಾನನು 1802ರಲ್ಲಿ ಸೋಮಾ ಎಂಬ ಸೀಮೆಯಿಂದ ಗೆಂಡೆಮೀನಿನ ಮರಿಗಳನ್ನು ತರಿಸಿ ತನ್ನ ಕೋಟೆಯ ಕಂದಕದ ನೀರಿನಲ್ಲಿ ಸಾಕಿಸಿದನು. ಆ ಗೆಂಡೆಯನ್ನು ದಪ್ಪ ಬಿಲ್ಲೆಗಳಾಗಿ ಕೊಯ್ದು ಸಿಹಿಯಾದ ಸೋಯಾ ರಸದಲ್ಲಿ ಕುದಿಸಿ ಇಳಿಸುವ ಪದಾರ್ಥವು ಇಂದಿಗೂ ಅಲ್ಲಿ ಹೊಸ ವರ್ಷದ ಎಲೆಗೂ ಶುಭಕಾರ್ಯದ ಎಲೆಗೂ ಬರುತ್ತದೆ. ನಮ್ಮ ಹೋಬಳಿಯ ಹೆಸರಿನಲ್ಲಿಯೂ ಕೋಟೆಯುಂಟಾದುದರಿಂದ ಈ ಕಂದಕದ ಕಥೆ ನನಗೆ ಅನ್ಯವೆನಿಸುವುದಿಲ್ಲ. ಅದೇ ಜಾತಿಯ ಮೀನು ಈಗ ನಮ್ಮ ಕೆರೆಗಳಲ್ಲಿ ‘ಸಾಮಾನ್ಯ ಗೆಂಡೆ’ಯೆಂಬ ಹೆಸರಿನಿಂದ ಕಾಟ್ಲಾ ರೋಹುಗಳ ಜೊತೆಗೆ ಬೆಳೆಯುತ್ತಿದೆ, ಅದೂ ನಮ್ಮ ದೇಶದ ಹುಟ್ಟಲ್ಲ, 1939ರಲ್ಲಿ ನೀಲಗಿರಿಯ ನೀರಿಗೆ ಹೊರಗಿನಿಂದ ತಂದು ಬಿಟ್ಟದ್ದು. ಮೀನೇ ಪರದೇಶದ್ದಾಗಿರುವಲ್ಲಿ ಪಾಕ ಪರದೇಶದ್ದೆಂದು ಮೂಗು ಮುರಿಯುವುದಕ್ಕೆ ಎಡೆಯೆಲ್ಲಿ?

ಇನ್ನು ವಿಧಾನಕ್ಕೆ ಬರೋಣ. ಅರ್ಧ ಕಿಲೋ ತೂಕದ ನಾಲ್ಕೈದು ತುಂಡುಗಳಿಗೆ ಒಂದು ಲೋಟ ನೀರು, ಮೂರು ದೊಡ್ಡ ಚಮಚ ಸೋಯಾ ಸಾಸ್, ಎರಡು ದೊಡ್ಡ ಚಮಚ ಪುಡಿಬೆಲ್ಲ, ಸಣ್ಣಗೆ ಸೀಳಿದ ಒಂದಂಗುಲ ಶುಂಠಿ, ಇಷ್ಟು ಸಾಕು. ಮೀನನ್ನು ಕೊಯ್ಯುವಾಗ ಪಿತ್ತಕೋಶವು ಒಡೆಯದಂತೆ ತೆಗೆಯಬೇಕೆಂಬುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯೊನೆಜಾವಾದವರೂ ಇದರಲ್ಲಿ ಅಷ್ಟೇ ಜಾಗರೂಕರು. ಗೆಂಡೆಯ ಪಿತ್ತ ಕಹಿ ಮಾತ್ರವಲ್ಲ, ಮೂತ್ರಪಿಂಡವನ್ನು ಕೆಡಿಸುವ ವಿಷ. ಔಷಧವೆಂದು ಅದನ್ನು ಹಸಿಯಾಗಿ ನುಂಗಿ ಆಸ್ಪತ್ರೆ ಸೇರಿದವರುಂಟು. ತೊಳೆದ ತುಂಡುಗಳಿಗೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ತರುವಾಯ ಅವುಗಳ ಮೇಲೆ ಬಿಸಿನೀರನ್ನು ಸುರಿದು, ಕೂಡಲೇ ತಣ್ಣೀರಿಗೆ ಹಾಕಿ, ಅಂಟಿದ ನೆತ್ತರನ್ನೂ ಉಳಿದ ಹುರುಪೆಯನ್ನೂ ಬೆರಳಿನಿಂದ ಉಜ್ಜಿ ತೆಗೆಯತಕ್ಕದ್ದು. ಬಿಸಿನೀರು ತಾಕಿದೊಡನೆ ಮೀನಿನ ಮೈ ಬೆಳ್ಳಗಾಗುವುದರಿಂದ ಈ ಕ್ರಮಕ್ಕೆ ಅವರು ಇಬ್ಬನಿ ಹೆಪ್ಪುಗಟ್ಟಿ ಬಿದ್ದಂತೆ ಎಂಬರ್ಥದ ಹೆಸರನ್ನಿಟ್ಟಿದ್ದಾರೆ. ಮೀನಿನ ನೀಚುವಾಸನೆಯ ಮುಕ್ಕಾಲು ಪಾಲು ಇಲ್ಲಿಯೇ ಹೋಗುತ್ತದೆ.

ರಸವನ್ನು ಮೊದಲು ಕುದಿಗೆ ತಂದು ಆಮೇಲೆ ಮೀನನ್ನು ಇಳಿಸಬೇಕು; ತಣ್ಣನೆಯ ರಸದಲ್ಲಿ ಇಟ್ಟು ಕಾಯಿಸಿದರೆ ವಾಸನೆ ನಿಲ್ಲುತ್ತದೆ. ತುಂಡುಗಳು ಒಂದರ ಮೇಲೊಂದು ಬೀಳಬಾರದು, ಚರ್ಮದ ಮಗ್ಗುಲು ಮೇಲಿರಬೇಕು, ಸೌಟಿನಿಂದ ತಿರುವಿಹಾಕುವ ಚಾಪಲ್ಯವನ್ನು ಅಡಗಿಸಿಕೊಳ್ಳಬೇಕು. ಹಾಗಾದರೆ ರಸದಲ್ಲಿ ಮುಳುಗದ ಮೇಲ್ಭಾಗ ಬೇಯುವುದು ಹೇಗೆ? ಇಲ್ಲಿದೆ ಆ ಅಡಿಗೆಯ ಜಾಣ್ಮೆ. ಪಾತ್ರೆಯ ಬಾಯಿಗಿಂತ ಕಿರಿದಾದ ಮರದ ಮುಚ್ಚಳವೊಂದನ್ನು ಅವರು ಪಾತ್ರೆಯೊಳಕ್ಕೆ, ಮೀನಿನ ಮೈಮೇಲೆಯೇ ಕೂರಿಸುತ್ತಾರೆ. ಕುದಿಯುವ ಅಲ್ಪ ರಸವು ಮೇಲಕ್ಕೆ ಚಿಮ್ಮಿ, ಆ ಮುಚ್ಚಳಕ್ಕೆ ತಾಗಿ, ಮೀನಿನ ಬೆನ್ನ ಮೇಲೆಯೇ ಮರಳಿ ಬೀಳುತ್ತದೆ. ಇದನ್ನು ಕೊಳ್ಳಲು ಬೆಂಗಳೂರಿಗೆ ಹೋಗಬೇಕಾಗಿಲ್ಲ; ಹಿತ್ತಲಿನ ಬಾಳೆಯೆಲೆಯನ್ನು ಪಾತ್ರೆಗಿಂತ ಒಂದು ಬೆರಳು ಕಿರಿದಾಗಿ ದುಂಡಗೆ ಕತ್ತರಿಸಿ, ನಡುವೆ ಹಬೆ ಹೋಗಲು ತೂತೊಂದನ್ನು ಮಾಡಿ ಹೊದಿಸಿದರೆ ಆ ಮುಚ್ಚಳದ ಕೆಲಸ ಆಗುತ್ತದೆ, ಎಲೆಯ ಕಂಪು ಲಾಭ. ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ, ರಸ ಎಳೆಪಾಕಕ್ಕೆ ಸಮೀಪಿಸುವವರೆಗೆ. ಗೆಂಡೆಯ ದಪ್ಪ ಬಿಲ್ಲೆಗಾದರೆ ಇನ್ನಷ್ಟು ಹೊತ್ತು. ಇಳಿಸಿದ ಮೇಲೆ ಆತುರಪಡದೆ ಆರಲು ಬಿಡಬೇಕು. ರುಚಿಯು ಮೀನಿನೊಳಕ್ಕೆ ಇಳಿಯುವುದು ಆರುವ ಹೊತ್ತಿನಲ್ಲಿಯೇ.

ಬೆಲ್ಲವನ್ನು ಮೊದಲೇ ಏಕೆ ಹಾಕಬೇಕೆಂಬುದಕ್ಕೂ ಅವರಲ್ಲಿ ಒಂದು ಬಾಯಿಪಾಠವಿದೆ. ಸಕ್ಕರೆ, ಉಪ್ಪು, ಹುಳಿ, ಸೋಯಾ ರಸ, ಸೋಯಾ ಅವರೆಯನ್ನು ಹುದುಗಿಸಿದ ಗೊಜ್ಜಾದ ‘ಮಿಸೊ’ ಎಂಬ ಐದಕ್ಕೂ ಅವರ ಭಾಷೆಯ ಹೆಸರುಗಳಿಂದ ಸ, ಶಿ, ಸು, ಸೆ, ಸೊ ಎಂದು ನಮ್ಮ ಕಾಗುಣಿತದಂತೆ ಒಂದು ಸಾಲನ್ನು ಮಾಡಿಕೊಂಡು, ಆ ಸಾಲಿನ ಕ್ರಮದಲ್ಲಿಯೇ ಪಾತ್ರೆಗೆ ಹಾಕುವುದು ವಾಡಿಕೆ. ಸಿಹಿಯು ಉಪ್ಪಿಗಿಂತ ನಿಧಾನವಾಗಿ ಒಳಹೊಗುವುದರಿಂದ ಅದಕ್ಕೆ ಅಗ್ರತಾಂಬೂಲ. ಸಿಹಿಗೆಂದು ಅವರು ಸಾಧಾರಣವಾಗಿ ‘ಮಿರಿನ್’ ಎಂಬ ಸಿಹಿಮದ್ಯವನ್ನೂ, ವಾಸನೆ ಕಳೆಯಲೆಂದು ಅಕ್ಕಿಯ ಮದ್ಯವಾದ ‘ಸಾಕೆ’ಯನ್ನೂ ಬಳಸುತ್ತಾರೆ. ಮದ್ಯದ ಸೀಸೆ ಹೊಸ್ತಿಲು ದಾಟದ ಮನೆಗಳಿಗೆ ಬೆಲ್ಲ ಮತ್ತು ಇಮ್ಮಡಿ ಶುಂಠಿಯೇ ಸಾಕೆಂಬುದು ನನ್ನ ಅನುಭವ. ಜಪಾನೀಯನೊಬ್ಬ ಉಂಡು ಹುಬ್ಬು ಗಂಟಿಕ್ಕಿದರೆ ಅದು ಅವನ ಪಾಡು.

ಸೋಯಾ ಸಾಸಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ. ನಮ್ಮ ಪೇಟೆಗಳ ಗೋಬಿ ಮಂಚೂರಿಯ ಗಾಡಿಯಲ್ಲಿ ಕಾಣುವ ಕಪ್ಪು ದ್ರವವೇ ಸೋಯಾ ಸಾಸೆಂದು ತಿಳಿದು ಅದರಲ್ಲಿ ಮೀನನ್ನು ಬೇಯಿಸಿದವನು ಈ ಪಾಕವನ್ನು ಜನ್ಮದಲ್ಲಿ ಮತ್ತೆ ಮಾಡಲಾರನು. ಜಪಾನೀಯರು ‘ಶೋಯು’ ಎನ್ನುವ ನಿಜವಾದ ಸಾಸು ಸೋಯಾ ಅವರೆಯನ್ನೂ ಗೋಧಿಯನ್ನೂ ಕೂಡಿಸಿ, ಒಂದು ಬಗೆಯ ಬೂಷ್ಟನ್ನು ಬೆಳೆಯಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಹಿಂಡಿದ ರಸ; ಕೊಳ್ಳುವಾಗ ಸೀಸೆಯ ಚೀಟಿಯಲ್ಲಿ ಸೋಯಾ, ಗೋಧಿ, ಉಪ್ಪು, ನೀರುಗಳಿಗಿಂತ ಮುಂದೆ ಬಣ್ಣದ ಹೆಸರಿದೆಯೇ ಎಂದು ಓದಿ ನೋಡಬೇಕು. ಟೋಕಿಯೋದ ರಸಾಯನಶಾಸ್ತ್ರಜ್ಞ ಕಿಕುನಾಎ ಇಕೆಡಾ 1908ರಲ್ಲಿ ಸಮುದ್ರದ ಪಾಚಿಯ ಕಷಾಯದಿಂದ ಬೇರ್ಪಡಿಸಿ ‘ಉಮಾಮಿ’ ಎಂದು ಹೆಸರಿಟ್ಟ ರುಚಿಯು ಈ ರಸದಲ್ಲಿ ಪುಷ್ಕಲವಾಗಿದೆ. ಅದೇನು ರುಚಿಯೆಂದು ತಿಳಿಯದೆ ಪೇಚಾಡುವವರು, ಹುಳ್ಳಿಕಟ್ಟನ್ನು ಎರಡನೆಯ ದಿನ ಕುದಿಸಿ ಬತ್ತಿಸಿದಾಗ ನಾಲಗೆಯ ಹಿಂಬದಿಯಲ್ಲಿ ನಿಲ್ಲುವುದನ್ನು ನೆನೆದುಕೊಂಡರೆ ದೂರವೇನೂ ಹೋದಂತಾಗದು. ಮೀನು ತಿನ್ನದವರೂ ಇದರಿಂದ ವಂಚಿತರಾಗಬೇಕಾಗಿಲ್ಲ. ಸಿಹಿಗುಂಬಳವನ್ನು ಇದೇ ರಸದಲ್ಲಿ ಬೇಯಿಸುವುದು ಜಪಾನೀಯರ ಮನೆಮನೆಯ ರೂಢಿ.

ಈಗ ಅತ್ತಿಗೆಯವರ ಆಕ್ಷೇಪಣೆ. ಮುದ್ದೆಗೆ ಇದು ಒಗ್ಗುವುದೇ ಎಂದು ಅವರು ಮುಂದುವರಿದು ಕೇಳಿದ್ದರೆ ನಾನು ನಿಸ್ಸಂಕೋಚವಾಗಿ ಇಲ್ಲವೆನ್ನುತ್ತಿದ್ದೆ. ಒಂದು ನಾಡಿನ ಪಕ್ವಾನ್ನಗಳ ಸ್ವರೂಪವನ್ನು ನಿರ್ಧರಿಸುವುದು ಆ ನಾಡಿನ ಮುಖ್ಯ ಧಾನ್ಯವೆಂದು ನನ್ನ ನಂಬಿಕೆ. ಅಗಿಯದೆ ನುಂಗಬೇಕಾದ ಮುದ್ದೆಗೆ ಜಾರಿಸಿಕೊಂಡು ಹೋಗುವ ಸಾರು ಬೇಕು; ಕೊತ್ತಂಬರಿ ಬೀಜ, ಕಾಯಿ, ಈರುಳ್ಳಿ, ಹುಣಸೆಹುಳಿಗಳಿಂದ ಸಮೃದ್ಧವಾದ ನಮ್ಮ ಮೀನುಸಾರು ಆ ಅಗತ್ಯದ ಶಿಶು. ಅಂಟುವ ಅನ್ನವನ್ನು ತುತ್ತು ತುತ್ತಾಗಿ ಅಗಿದು ತಿನ್ನುವ ಜಪಾನೀಯನಿಗೆ ಸಾರಿನ ಪ್ರವಾಹ ಬೇಡ, ಒಂದು ತುತ್ತಿಗೆ ಒಂದು ಚೂರಿನಂತೆ ಬರುವ ಗಾಢವಾದ ನೆಂಚಿಕೆ ಸಾಕು. ಮುದ್ದೆ ಮುಗಿದ ಮೇಲೆ ಅನ್ನಕ್ಕೆ ಕೈಯಿಡುವುದು ನಮ್ಮ ಸೀಮೆಯ ಪದ್ಧತಿಯಾದುದರಿಂದ, ಎಲೆಯ ಉತ್ತರಾರ್ಧದಲ್ಲಿ ಈ ಅತಿಥಿಗೆ ಸ್ಥಳವುಂಟೆನ್ನುವುದಷ್ಟೆ ನನ್ನ ವಾದ. ಸಾರಿನ ಮಡಕೆಯನ್ನು ಒಲೆಯಿಂದ ಇಳಿಸಿರೆಂದು ಹೇಳುವ ಅವಿವೇಕ ನನಗಿಲ್ಲ.

ಹುಣಸೆಹುಳಿಯ ಪಕ್ಷವನ್ನು ವಿಜ್ಞಾನವೂ ವಹಿಸುತ್ತದೆ. ಮೊದಲ ಮಳೆಗೆ ನೆಲದಿಂದೇಳುವ ಕಂಪಿಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವೇ ಕೆರೆಯ ತಳದಲ್ಲಿ ಮೇಯುವ ಮೀನಿನ ಮಾಂಸದೊಳಗೆ ಸೇರಿ, ನೆಲದಲ್ಲಿ ಸುಗಂಧವೆನಿಸಿದ್ದು ಎಲೆಯಲ್ಲಿ ಕೆಸರುವಾಸನೆ ಎನಿಸಿಕೊಳ್ಳುತ್ತದೆ. ಹುಳಿಯ ಸಂಪರ್ಕದಲ್ಲಿ ಅದು ಮುರಿದುಹೋಗುತ್ತದೆ. ನಮ್ಮ ಅಜ್ಜಿಯರು ಈ ರಸಾಯನವನ್ನು ಓದದೆಯೇ ಬಲ್ಲವರಾಗಿದ್ದರು. ಜಪಾನೀಯರು ಹುಳಿಯ ಬದಲು ಗೆಂಡೆಯನ್ನು ಕೆಲವು ದಿನ ಶುದ್ಧವಾದ ಹರಿಯುವ ನೀರಿನಲ್ಲಿ ಜೀವಂತವಾಗಿಟ್ಟು ಅದರ ಮೈಯಿಂದ ಕೆಸರನ್ನು ಬಿಡಿಸುತ್ತಾರೆ. ಅಂದರೆ ಅವರ ಅಡಿಗೆ ಒಲೆಯ ಮೇಲೆ ಸುಲಭವಾಗಿರುವುದು ಒಲೆಗೆ ಬರುವ ಮುನ್ನ ಕಷ್ಟಪಟ್ಟುದರಿಂದ.

ನಾನು ಹೇಳಬೇಕೆಂದಿರುವ ಮಾತು ಇರುವುದು ಇಲ್ಲಿಯೇ. ನಾಲ್ಕೇ ಪದಾರ್ಥಗಳ ಈ ಪಾಕದಲ್ಲಿ ಮೀನಿಗೆ ಮರೆಯಾಗಲು ಸ್ಥಳವಿಲ್ಲ. ಹಳೆಯ ಮೀನು ತನ್ನ ವಯಸ್ಸನ್ನು ಮೊದಲ ತುತ್ತಿನಲ್ಲೇ ಹೇಳಿಬಿಡುತ್ತದೆ. ಶಿರಾಡಿಘಾಟಿಯನ್ನೇರಿ ಬರುವ ಬಂಗುಡೆಯು, ಜಪಾನೀಯರು ಮಿಸೊ ಹಾಕಿ ಕುದಿಸುವ ‘ಸಾಬಾ’ ಮೀನಿನ ದಾಯಾದಿಯೇ ಆಗಿದ್ದು ಈ ಪಾಕಕ್ಕೆ ಸರ್ವಥಾ ಯೋಗ್ಯ. ಆದರೆ ಐಸಿನ ಪೆಟ್ಟಿಗೆಯಲ್ಲಿ ಮೂರು ಸಂತೆ ಸುತ್ತಿದ ಮೀನನ್ನು ನಾವು ಮರುಮಾತಿಲ್ಲದೆ ಕೊಳ್ಳುತ್ತೇವೆ, ಏಕೆಂದರೆ ಮಸಾಲೆಯಿದೆಯೆಂಬ ಧೈರ್ಯ. ಮಸಾಲೆಯು ರುಚಿಗಾಗಿ ಇರಬೇಕೇ ಹೊರತು ವ್ಯಾಪಾರಿಯ ಅಪರಾಧಕ್ಕೆ ಜಾಮೀನಾಗಿ ಅಲ್ಲ. ಹೇಮಾವತಿಗೆ 1979ರಲ್ಲಿ ಗೊರೂರಿನ ಅಣೆಕಟ್ಟು ನಿಂತು, ಅದರ ನಾಲೆಗಳು ನಮ್ಮ ಹಾಸನ ಸೀಮೆಯ ಎಷ್ಟೋ ಬಯಲುಗಳಿಗೆ ನೀರು ತಂದಿವೆ. ಊರೂರಿಗೂ ಕೆರೆಯುಂಟು, ಮೀನು ಹಿಡಿಯುವ ಹಕ್ಕಾದ ಪಾಶುವಾರಿನ ಹರಾಜೂ ಆಗುತ್ತದೆ. ಆದರೆ ಬಲೆ ಎಳೆದ ಬೆಳಗ್ಗೆ ಕೆರೆಯ ಏರಿಯ ಮೇಲೆ ನಿಲ್ಲುವ ಲಾರಿಗೆ ದೊಡ್ಡ ಮೀನೆಲ್ಲ ತುಂಬಿಹೋಗಿ, ಆ ಊರಿನವನೇ ಸಂಜೆ ಪೇಟೆಗೆ ಹೋಗಿ ಇನ್ನಾವುದೋ ನೀರಿನ, ಇನ್ನಾವುದೋ ದಿನದ ಮೀನನ್ನು ತೂಗಿಸಿಕೊಂಡು ಬರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಪಾಶುವಾರು ಹಿಡಿದವನು ಬಲೆಯೆಳೆದ ದಿನ ಒಂದು ಭಾಗವನ್ನು ಏರಿಯ ಮೇಲೆಯೇ, ನ್ಯಾಯವಾದ ಬೆಲೆಗೆ ಊರಿನವರಿಗೆ ಮಾರತಕ್ಕದ್ದೆಂದು ಹರಾಜಿನ ಷರತ್ತಿನಲ್ಲಿ ಒಂದು ಸಾಲು ಸೇರಿಸಿದರೆ, ಮತ್ತು ನಾಲೆಯ ನೀರು ಹರಿದುಹೋಗುವಂಥ ಒಂದು ಸಿಮೆಂಟಿನ ತೊಟ್ಟಿಯನ್ನು ಪಕ್ಕದಲ್ಲಿ ಕಟ್ಟಿಸಿ ಗೆಂಡೆಗಳನ್ನು ಎರಡು ದಿನ ಅದರಲ್ಲಿ ಬಿಟ್ಟರೆ, ಪಂಚಾಯಿತಿಯ ಬೊಕ್ಕಸಕ್ಕೆ ಬರುವ ನಷ್ಟ ಎಷ್ಟು? ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನುಗಳು ನಿರ್ಮಲವಾದ ನೀರಿನಲ್ಲಿ ಆಡುವುದನ್ನು ನೋಡಿ ಕೈಮುಗಿದು ಬರುವ ನಾವು, ತಿನ್ನುವ ಮೀನಿಗೂ ಎರಡು ದಿನದ ನಿರ್ಮಲ ನೀರನ್ನು ಕೊಡಬಾರದೇ?

ಅಂದು ಮಾಡಿದ ಪಾಕದಲ್ಲಿ ಎರಡು ತುಂಡು ಉಳಿದಿದ್ದವು. ಮಾಗಿಯ ಚಳಿಯಲ್ಲಿ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ರಸವು ಗಟ್ಟಿಯಾಗಿ, ಪಾತ್ರೆಯನ್ನು ಅಲುಗಿಸಿದರೆ ಎಳಸು ಗಿಣ್ಣಿನಂತೆ ನಡುಗುತ್ತಿತ್ತು. ಮೀನಿನ ಚರ್ಮ ಮೂಳೆಗಳ ಅಂಟು ಹೀಗೆ ಹೆಪ್ಪುಗಟ್ಟಿದುದಕ್ಕೆ ಜಪಾನಿನಲ್ಲಿ ‘ನಿಕೊಗೊರಿ’ ಎಂದು ಹೆಸರಿಟ್ಟು ಆಸೆಪಟ್ಟು ತಿನ್ನುತ್ತಾರೆ. ಅತ್ತಿಗೆಯವರು ಅದು ಕೆಟ್ಟಿತೆಂದು ಚೆಲ್ಲಲು ಎತ್ತಿದವರು, ಏನನ್ನಿಸಿತೋ, ಬಿಸಿ ಅನ್ನದ ಮೇಲೆ ಒಂದು ಚಮಚ ಇಟ್ಟುಕೊಂಡು ಅದು ಕರಗುವುದನ್ನು ನೋಡಿ ಬಾಯಿಗಿಟ್ಟರು. ಬೆಲ್ಲದ ಮಾತನ್ನು ಆಮೇಲೆ ಅವರು ಎತ್ತಲಿಲ್ಲ. "ಮೀನು ಯಾವ ಕೆರೇದಪ್ಪ ಇದು?" ಎಂದಷ್ಟೇ ಕೇಳಿ, ಇನ್ನೊಂದು ಚಮಚಕ್ಕೆ ಕೈಚಾಚಿದರು.