ಆಸ್ತಿಕ, ಅಜ್ಞೇಯವಾದಿ, ನಾಸ್ತಿಕ

ದೇವರು ಇದ್ದಾನೆ ಎನ್ನುವವರದು ಒಂದು ಪಕ್ಷ; ಇಲ್ಲ ಎನ್ನುವವರದು ಇನ್ನೊಂದು; ಇದ್ದಾನೋ ಇಲ್ಲವೋ ಅರಿಯಲಾರೆವು ಎನ್ನುವವರದು ಮೂರನೆಯದು. ಈ ಮೂವರ ವಾದ ಬಹು ಪ್ರಾಚೀನವಾದುದು. ಮೂವರಿಗೂ ಸಮಾನವಾದುದು ಏನಾದರೂ ಉಂಟೆ ಎಂದು ಕೇಳುವವರು ಮಾತ್ರ ವಿರಳ.

ಈಚೆಗೆ ತರಗತಿಯಲ್ಲಿ ವಚನಗಳ ಪಾಠ ನಡೆದಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದು, “ದೇವರನ್ನು ನಂಬದವನಿಗೆ ಇದರಿಂದ ದೊರೆಯುವುದೇನು, ಸಾರ್?” ಎಂದು ಕೇಳಿದ. ಕೆಲವರು ನಕ್ಕರು, ಕೆಲವರು ಹುಬ್ಬು ಗಂಟಿಕ್ಕಿದರು. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಆದರೆ ಗಂಟೆ ಬಾರಿಸುವುದರೊಳಗೆ ತಕ್ಕ ಉತ್ತರವೂ ನಮಗೆ ಹೊಳೆಯಲಿಲ್ಲ.

ಸಂದೇಹ ನಮ್ಮ ಪರಂಪರೆಗೆ ಹೊರಗಿನದಲ್ಲ. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತ ಸೃಷ್ಟಿಯ ಮೂಲವನ್ನು ಅರಸುತ್ತ ಹೋಗಿ, ಉತ್ತರದಲ್ಲಿ ಅಲ್ಲ, ಸಂಶಯದಲ್ಲಿಯೇ ಮುಗಿಯುತ್ತದೆ. 1869ರಲ್ಲಿ ಅಜ್ಞೇಯವಾದಿ ಎಂಬರ್ಥದ ಆಂಗ್ಲ ಪದವನ್ನು ಟಂಕಿಸಿದ ಥಾಮಸ್ ಹಕ್ಸ್‌ಲಿಗೆ ಅದು ಒಂದು ಮತವಾಗಿರಲಿಲ್ಲ. ಆಧಾರವಿಲ್ಲದುದನ್ನು ಬಲ್ಲೆನೆಂದು ಹೇಳಬಾರದೆಂಬ ವ್ರತವಾಗಿತ್ತು. ನಮ್ಮ ಎ. ಎನ್. ಮೂರ್ತಿರಾಯರು ತೊಂಬತ್ತರ ವಯಸ್ಸಿನಲ್ಲಿ ‘ದೇವರು’ ಎಂಬ ಗ್ರಂಥವನ್ನು 1991ರಲ್ಲಿ ಪ್ರಕಟಿಸಿ, ದೇವರಿಲ್ಲವೆಂಬ ತಮ್ಮ ನಿಲುವನ್ನು ಸಾವಧಾನವಾಗಿ ಪ್ರತಿಪಾದಿಸಿದರು. ಪ್ರಶ್ನೆ ಕ್ಷುಲ್ಲಕವೆಂದು ತೋರಿದ್ದರೆ ಆ ವಯಸ್ಸಿನಲ್ಲಿ ಅಷ್ಟು ಶ್ರಮಪಡುತ್ತಿದ್ದರೆ?

ಇನ್ನೊಂದು ನಿದರ್ಶನ ಇದಕ್ಕಿಂತ ಮನಮುಟ್ಟುವಂಥದು. ಆಂಧ್ರದ ಗೋರಾ ನಿಷ್ಠುರ ನಾಸ್ತಿಕರು. ಗಾಂಧೀಜಿ ಪರಮ ಆಸ್ತಿಕರು. ಅಸ್ಪೃಶ್ಯತೆಯ ನಿವಾರಣೆ ಇಬ್ಬರನ್ನೂ ಕೂಡಿಸಿತು. ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿಕೊಂಡವರ ಮನೆಯ ತರುಣನಿಗೆ ಕೊಡಲು ನಿಶ್ಚಯಿಸಿದಾಗ, ಆ ಮದುವೆ ಸೇವಾಗ್ರಾಮದಲ್ಲಿ ನಡೆಯಲೆಂದರು ಗಾಂಧೀಜಿ. ವಿಧಿಯಲ್ಲಿ ದೇವರ ಹೆಸರಿನ ಸ್ಥಾನದಲ್ಲಿ ಸತ್ಯದ ಹೆಸರಿರಲೆಂದೂ ಒಪ್ಪಿದರು. ಮದುವೆ ನಡೆದದ್ದು 1948ರಲ್ಲಿ, ಅವರ ಮರಣಾನಂತರ. ದೇವರ ವಿಷಯದಲ್ಲಿ ಅವರಲ್ಲಿ ಯಾರೊಬ್ಬರೂ ತಮ್ಮ ಪಕ್ಷವನ್ನು ಬಿಡಲಿಲ್ಲ.

ಮೂವರೂ ಒಂದೇ ಎಂದು ನಾವು ಹೇಳುತ್ತಿಲ್ಲ. ದುಃಖದ ವೇಳೆಯಲ್ಲಿ ಆಸ್ತಿಕನಿಗೆ ಪ್ರಾರ್ಥನೆ ಉಂಟು. ನಾಸ್ತಿಕನಿಗೆ ಆ ಆಸರೆ ಇಲ್ಲ. ಈ ಅಂತರ ಸಣ್ಣದಲ್ಲ. ಆದರೆ ಪ್ರಾಮಾಣಿಕರಾದ ಮೂವರೂ ಸತ್ಯಕ್ಕೆ ತಲೆಬಾಗುವವರು. ನುಡಿದುದಕ್ಕೆ ನಡೆಯಿಂದ ಸಾಕ್ಷಿ ಹೇಳಬೇಕಾದವರು. ಮೂವರಿಗೂ ಎದುರು ನಿಂತವನು ಬೇರೊಬ್ಬನಿದ್ದಾನೆ: ಭಕ್ತಿಯನ್ನಾಗಲಿ ವಿಚಾರವನ್ನಾಗಲಿ ಮೇಲುಹೊದಿಕೆಯಂತೆ ಧರಿಸಿದವನು.

ವಚನಕಾರರು ಕಟುವಾಗಿ ಜರೆದದ್ದು ಅವನನ್ನೇ, ಶಿವನನ್ನು ನೆನೆಯುತ್ತ ನೆರೆಯವನನ್ನು ಹೀನೈಸುವ ಡಾಂಭಿಕನನ್ನು. ನಂಬದವನಿಗೂ ಅವರ ಮಾತು ತಾಕುವುದು ಅಲ್ಲಿಯೇ. ಅಂದು ಆ ವಿದ್ಯಾರ್ಥಿಗೆ ಹೇಳಬೇಕಾಗಿದ್ದುದು ಇಷ್ಟೆ: ನಂಬದೆ ಓದು, ಅಡ್ಡಿಯಿಲ್ಲ, ಆದರೆ ಆ ಮಾತು ನಿನ್ನನ್ನು ಪರೀಕ್ಷಿಸಲು ಬಿಡು.