ಸಸಿ ನೆಟ್ಟ ಮೇಲಿನ ಮೂರು ಬೇಸಿಗೆ

ಚಾಮರಾಜನಗರ ತಾಲ್ಲೂಕಿನ ಉಡಿಗಾಲದಂತಹ ಬಯಲು ಗ್ರಾಮಗಳ ಶಾಲೆಗಳಲ್ಲಿ ಜೂನ್ 5 ಬಂತೆಂದರೆ ಸಸಿ ನೆಡುವ ಸಂಭ್ರಮ. ಭಾಷಣ ಮುಗಿಯುತ್ತದೆ, ಛಾಯಾಚಿತ್ರ ತೆಗೆಯಲಾಗುತ್ತದೆ. ಆಗಸ್ಟ್ ವೇಳೆಗೆ ಎಷ್ಟೋ ಗುಣಿಗಳಲ್ಲಿ ಒಣಕಡ್ಡಿ ಮಾತ್ರ ಉಳಿದಿರುತ್ತದೆ. ಇದಕ್ಕೆ ಮಕ್ಕಳ ಅಲಕ್ಷ್ಯವನ್ನಷ್ಟೇ ದೂರುವುದು ನ್ಯಾಯವಲ್ಲ. ಮಳೆನೆರಳಿನ ಈ ಸೀಮೆಗೆ ಮಳೆ ಹೆಚ್ಚಾಗಿ ಬೀಳುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಡುವಿನ ಜೂನ್-ಜುಲೈ ಬಹುಮಟ್ಟಿಗೆ ಗಾಳಿಯ ಕಾಲ.

ಬೆಟ್ಟದಲ್ಲಿ ಆಗುವ ತಪ್ಪು ಬೇರೆ ಬಗೆಯದು. ಚಾಮರಾಜನಗರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದ್ದರೆ, ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1454 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣತೆ ಆರು ಡಿಗ್ರಿಗೂ ಹೆಚ್ಚು ಇಳಿಯುವುದರಿಂದ, ಇವೆರಡರ ನಡುವೆ ಸುಮಾರು ಐದು ಡಿಗ್ರಿಗಳ ಅಂತರವುಂಟು. ಬಯಲಿನಲ್ಲಿ ಹುಲುಸಾಗಿ ಬರುವ ಬಾಳೆ ಅಲ್ಲಿ ಗೊನೆ ಬಿಡಲು ತಡಮಾಡುತ್ತದೆ. ಬಿಟ್ಟರೂ, ಕಾಡಂಚಿನಲ್ಲಿ ಬಾಳೆಯೂ ಹಲಸೂ ಆನೆಯನ್ನು ಮನೆ ಬಾಗಿಲಿಗೆ ಕರೆತರುತ್ತವೆ. ಲಾರಿಯಲ್ಲಿ ತಂದು ಹಂಚುವ ಸಸಿಗಳ ಪಟ್ಟಿ ಸಿದ್ಧಪಡಿಸುವವರು ಇದನ್ನು ಬೆಟ್ಟದವರಲ್ಲಿ ಕೇಳುವುದು ಅಪರೂಪ.

ಕೇಳಿದರೆ ಹೇಳಬಲ್ಲವರು ಈ ಜಿಲ್ಲೆಯಲ್ಲಿಯೇ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ರಾಗಿ, ಅವರೆ, ಸಾಸಿವೆ, ಕುಂಬಳಗಳನ್ನು ಒಂದೇ ಹೊಲದಲ್ಲಿ ಬೆರೆಸಿ ಬೆಳೆದವರು. ಈಗ ಪೋಡುಗಳಲ್ಲಿ ಮರಗಳ ನೆರಳಿನಡಿ ಕಾಫಿ ಬೆಳೆಯುತ್ತಿದ್ದಾರೆ. ಕಾಡಿನ ನೆಲ್ಲಿಮರಕ್ಕೆ ಬದನಿಕೆ ಹತ್ತಿದರೆ ಯಾವ ಕೊಂಬೆ ಕಡಿಯಬೇಕು, ಬೀಜ ಬಿದ್ದು ಹುಟ್ಟಲೆಂದು ಎಷ್ಟು ಕಾಯಿ ಮರದಲ್ಲೇ ಬಿಡಬೇಕು ಎಂಬುದನ್ನು ಅವರು ಬಲ್ಲರು. 1974ರಲ್ಲಿ ಅಭಯಾರಣ್ಯವಾದ ಮೇಲೆ ತರಗಿಗೆ ಹಗುರವಾಗಿ ಬೆಂಕಿ ಹಾಕುವ ರೂಢಿ ನಿಂತು ಬದನಿಕೆಯೂ ಲಂಟಾನವೂ ಹಬ್ಬಿದವೆಂದು ಹಿರಿಯರು ಹೇಳುತ್ತಾರೆ. 2006ರಲ್ಲಿ ಮಾರಾಟಕ್ಕಾಗಿ ಕಿರುಉತ್ಪನ್ನ ಸಂಗ್ರಹಿಸುವುದನ್ನು ನಿಷೇಧಿಸಲಾಯಿತು. 2011ರಲ್ಲಿ ಅರಣ್ಯಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕು ದೊರೆಯಿತು. ನಡುವಿನ ವರ್ಷಗಳಲ್ಲಿ ಬೆಳೆದ ಹುಡುಗರಿಗೆ ಅಜ್ಜಂದಿರೊಡನೆ ನೆಲ್ಲಿಮರ ಹತ್ತುವ ಸಂದರ್ಭವೇ ಕಡಿಮೆಯಾಯಿತು. ಹೀಗೆ ನಷ್ಟವಾದ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಸಿಗದು.

ಆದುದರಿಂದ ಗ್ರಾಮಗಳಲ್ಲಿ ಸ್ವಯಂಸೇವಕರ ತೋಟದ ಬಳಗಗಳನ್ನು ಕಟ್ಟುವುದಾದರೆ ಅವುಗಳ ಮೊದಲ ಶಿಕ್ಷಕರು ಪೋಡಿನ ಹಿರಿಯರಾಗಬೇಕು. ಬಂದವರಿಗೆ ಒಂದು ದಿನದ ಕೂಲಿಯನ್ನಾದರೂ ಗೌರವದಿಂದ ಕೊಡಬೇಕು. ಕೆಲಸದ ಜಾಗ ಕಾಡಲ್ಲ. ಮನೆಯ ಹಿತ್ತಲು, ಶಾಲೆಯ ಅಂಗಳ, ಹೊಲದ ಬದು. ಇಳಿಜಾರಿನಲ್ಲಿ ಗುಣಿಯ ಕೆಳಮಗ್ಗುಲಿಗೆ ಅರ್ಧಚಂದ್ರಾಕಾರದ ಬದು ಹಾಕಿ ಮಳೆನೀರು ನಿಲ್ಲಿಸುವುದು, ಬುಡಕ್ಕೆ ತರಗು ಮುಚ್ಚುವುದು, ಆಡುಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟುವುದು—ಒಂದು ಭಾನುವಾರದಲ್ಲಿ ಕಲಿಯಬಹುದಾದಷ್ಟು ಸರಳ. ಕಷ್ಟವಿರುವುದು ಮುಂದಿನ ಮೂರು ಬೇಸಿಗೆಗಳಲ್ಲಿ ಬಿಂದಿಗೆ ಹೊರುವುದರಲ್ಲಿ. ಪರೀಕ್ಷೆ ಮುಗಿದು ರಜೆ ಬೀಳುವುದೂ ಅದೇ ಕಾಲಕ್ಕೆ. ಹಾಗಾಗಿ ನೂರು ಸಸಿಯ ಬದಲು ಹತ್ತನ್ನೇ ನೆಟ್ಟು, ಯಾವ ವಾರ ಯಾವ ಮನೆಯವರು ನೀರು ಹಾಕಬೇಕೆಂಬುದನ್ನು ನೆಡುವ ಮುನ್ನವೇ ಶಾಲೆಯ ಗೋಡೆಯ ಮೇಲೆ ಬರೆದಿಡುವುದು ಲೇಸು.