ಅಂಚೆ ಇಲಾಖೆಯಲ್ಲಿ ಮರೆಯಾಗಿದ್ದ ನರ್ತಕ

ಅಮೆರಿಕದಲ್ಲಿ 1941ರಲ್ಲಿ ತೆರೆಕಂಡ ‘ಹೆಲ್ಜಪಾಪಿನ್’ ಎಂಬ ಹಾಸ್ಯ ಚಿತ್ರದಲ್ಲಿ ಕೆಲವೇ ನಿಮಿಷಗಳ ಒಂದು ಕುಣಿತವಿದೆ. ಅಡುಗೆಯವರ, ಮೆಕ್ಯಾನಿಕ್‌ಗಳ, ಮನೆಗೆಲಸದವರ ಉಡುಪಿನಲ್ಲಿ ಕಪ್ಪು ಜನಾಂಗದ ನಾಲ್ಕು ಜೋಡಿಗಳು ಬಂದು ಕುಣಿಯುತ್ತವೆ. ಕುಣಿತ ಎಂದರೆ ಸಾಮಾನ್ಯ ಕುಣಿತವಲ್ಲ. ಒಬ್ಬರು ಇನ್ನೊಬ್ಬರನ್ನು ಬೆನ್ನ ಮೇಲಿಂದ ಎತ್ತಿ ಹಾರಿಸುತ್ತಾರೆ, ಕಾಲ ಸಂದಿಯಿಂದ ಜಾರಿಸುತ್ತಾರೆ. ಆದರೂ ತಾಳ ಒಂದಿಷ್ಟೂ ತಪ್ಪುವುದಿಲ್ಲ. ಆ ತಾಳವಾದರೂ ಎಷ್ಟು ವೇಗದ್ದು? ನಿಮಿಷಕ್ಕೆ 300ಕ್ಕೂ ಹೆಚ್ಚು ಪೆಟ್ಟು. ಸುಮ್ಮನೆ ಕುಳಿತಾಗ ನಮ್ಮ ಹೃದಯ ಬಡಿಯುವ ವೇಗದ ಸುಮಾರು ನಾಲ್ಕು ಪಟ್ಟು!

ಇಂದು ಮೊಬೈಲಿನಲ್ಲಿ ಈ ತುಣುಕನ್ನು ನೋಡಿ ಬೆರಗಾಗುವ ಅಭಿಮಾನಿಗಳು ಹಲವು ದೇಶಗಳಲ್ಲಿ ಇದ್ದಾರೆ. ಅವರ ಅಜ್ಜಂದಿರ ಕಾಲದ ಈ ಕಲೆಯಲ್ಲಿ ಅವರಿಗೆ ಸಿಗುವ ಸಂತೋಷವಾದರೂ ಏನು?

ಈ ಸಂಗೀತದ ಹೆಸರು ಸ್ವಿಂಗ್, ಅಂದರೆ ತೂಗುವುದು. 1930ರ ದಶಕದಲ್ಲಿ ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಚಿಕ್ ವೆಬ್ ಮೊದಲಾದವರ ವಾದ್ಯವೃಂದಗಳು ಇದನ್ನು ಬೆಳೆಸಿದವು. ವಿದ್ಯಾರ್ಥಿ ಮಿತ್ರರೇ, ಇದರ ಗುಟ್ಟು ತಿಳಿಯಲು ಒಂದು ಸುಲಭ ಪ್ರಯೋಗ ಮಾಡಿ. ಮೊದಲು ಮೇಜಿನ ಮೇಲೆ ‘ತಕ ತಕ’ ಎಂದು ಒಂದೇ ಸಮನೆ ತಟ್ಟಿ. ಆಮೇಲೆ ಬಾಯಲ್ಲಿ ‘ತಕಿಟ ತಕಿಟ’ ಎಂದು ಹೇಳುತ್ತಾ ‘ತ’ ಮತ್ತು ‘ಟ’ ಬಂದಾಗ ಮಾತ್ರ ತಟ್ಟಿ, ನಡುವಿನ ‘ಕಿ’ಯನ್ನು ಬಿಟ್ಟುಬಿಡಿ. ತಟ್ಟು ಈಗ ಉಯ್ಯಾಲೆಯಂತೆ ತೂಗತೊಡಗುತ್ತದೆ. ಮೊದಲ ಸ್ವರಕ್ಕೆ ಎರಡು ಪಾಲು ಕಾಲ, ಎರಡನೆಯದಕ್ಕೆ ಒಂದು ಪಾಲು. ನಮ್ಮ ತಿಶ್ರ ನಡೆ ಬಲ್ಲವರಿಗೆ ಇದು ತೀರಾ ಹೊಸದಲ್ಲ. ಆದರೆ ವೇಗ ಹೆಚ್ಚಿದಂತೆ ಈ 2:1ರ ಅನುಪಾತ ಸಮಕ್ಕೆ ಹತ್ತಿರವಾಗುತ್ತದೆ. ಮುಖ್ಯ ವಾದಕರು ತಾಳದ ಪೆಟ್ಟಿನ ಮೇಲೆ ಬರುವ ಸ್ವರವನ್ನು ಪಕ್ಕವಾದ್ಯದವರಿಗಿಂತ ಕೂದಲೆಳೆಯಷ್ಟು ತಡವಾಗಿ ನುಡಿಸುವುದೂ ಈ ತೂಗಿಗೆ ಒಂದು ಮುಖ್ಯ ಕಾರಣವೆಂದು ಜರ್ಮನಿಯ ಭೌತವಿಜ್ಞಾನಿಗಳ ತಂಡವೊಂದು 2022ರಲ್ಲಿ ತೋರಿಸಿಕೊಟ್ಟಿತು. ವಾದಕರು ಇದನ್ನು ಲೆಕ್ಕ ಹಾಕಿ ಮಾಡಿದವರಲ್ಲ. ಕೇಳಿ ಕೇಳಿ ಕಲಿತವರು.

ಈ ಹಾಡುಗಳು ಮೂರು ನಿಮಿಷಕ್ಕೇ ಮುಗಿಯುವುದಕ್ಕೂ ಕಾರಣವಿದೆ. ಹತ್ತು ಅಂಗುಲದ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ ಮಾತ್ರ. ಆ ತಟ್ಟೆಗಳಿಗೆ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದ. ಮರದ ಕೊಂಬೆಯ ಮೇಲೆ ಅರಗಿನ ಹುಳು ಸ್ರವಿಸುವ ರಾಳವೇ ಸಾವಿರಾರು ಮೈಲಿ ದೂರದ ಸ್ವರಗಳನ್ನು ಹಿಡಿದಿಟ್ಟುಕೊಂಡಿತು ಎಂದರೆ ಆಶ್ಚರ್ಯವಲ್ಲವೇ?

ಎರಡನೆಯ ಮಹಾಯುದ್ಧ ಬಂದಾಗ ಅರಗಿಗೆ ಅಭಾವ ಉಂಟಾಯಿತು. ವಾದಕರು ಸೈನ್ಯಕ್ಕೆ ಹೋದರು. 1944ರಲ್ಲಿ ನೃತ್ಯವಿರುವ ಮನರಂಜನಾ ಸ್ಥಳಗಳ ಮೇಲೆ ಭಾರಿ ತೆರಿಗೆ ಬಿತ್ತು. ಹದಿನೈದು ಜನರ ವೃಂದವನ್ನು ಸಾಕುವುದು ಕಷ್ಟವಾಯಿತು. ಆಗ ಐದಾರು ಜನರ ಚಿಕ್ಕ ತಂಡಗಳು ದೊಡ್ಡ ತಂಡಗಳ ಗತ್ತನ್ನು ಹೊತ್ತು ನಡೆದವು. ಸ್ಯಾಕ್ಸೋಫೋನಿನ ಅಬ್ಬರ, ಪಿಯಾನೋದ ಓಟ, ನಗೆಚಾಟಿಕೆಯ ಹಾಡು ಸೇರಿದ ಆ ಬಗೆಗೆ ಜಂಪ್ ಬ್ಲೂಸ್ ಎಂದು ಹೆಸರು. ಅದರ ಮುಂಚೂಣಿಯಲ್ಲಿದ್ದವರು ಲೂಯಿಸ್ ಜೋರ್ಡನ್ (1908–1975). ಇವರು ಹಿಂದೆ ಚಿಕ್ ವೆಬ್ ಅವರ ವೃಂದದಲ್ಲಿಯೇ ಇದ್ದವರು. ಮುಂದೆ ಬಂದ ರಾಕ್ ಅಂಡ್ ರೋಲ್ ಸಂಗೀತದ ಬೇರು ಇಲ್ಲಿದೆ. 1940ರ ದಶಕದಲ್ಲಿ ಹತ್ತು ಸೆಂಟ್ ನಾಣ್ಯ ಹಾಕಿದರೆ ಮೂರು ನಿಮಿಷದ ಹಾಡಿನ ಚಿತ್ರ ತೋರಿಸುವ ಪೆಟ್ಟಿಗೆಗಳಿದ್ದವು. ಜೋರ್ಡನ್ ಕಣ್ಣರಳಿಸಿ ಹಾಡುವುದನ್ನು ಇಂದು ನಾವು ನೋಡುವಂತಾದದ್ದು ಅಂಥ ಚಿತ್ರಗಳಿಂದಲೇ.

ಈಗ ಮತ್ತೆ ಆ ನಾಲ್ಕು ಜೋಡಿಗಳ ಕಡೆಗೆ ಬರೋಣ. ಅವರು ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯ ಸವಾಯ್ ಬಾಲ್‌ರೂಮಿನಲ್ಲಿ ಬೆಳೆದವರು. 1926ರಲ್ಲಿ ತೆರೆದ ಈ ನೃತ್ಯಶಾಲೆಯಲ್ಲಿ ಕರಿಯರು, ಬಿಳಿಯರು ಎಂಬ ಭೇದವಿಲ್ಲದೆ ಎಲ್ಲರೂ ಕುಣಿಯಬಹುದಿತ್ತು. ಸಿನಿಮಾದಲ್ಲಿ ಆ ಸಮಾನತೆ ಇರಲಿಲ್ಲ. ಕಪ್ಪು ಕಲಾವಿದರ ದೃಶ್ಯಗಳನ್ನು ಕಥೆಗೆ ಅಂಟದಂತೆ ಸೇರಿಸುವ ರೂಢಿಯಿತ್ತು. ದಕ್ಷಿಣದ ರಾಜ್ಯಗಳಲ್ಲಿ ಬೇಡವೆಂದರೆ ಕತ್ತರಿಸಿ ಎಸೆಯಲು ಅನುಕೂಲ! ಈ ಚಿತ್ರದಲ್ಲೂ ಅವರಿಗೆ ಸಿಕ್ಕಿದ್ದು ಒಂದು ತಂಡದ ಹೆಸರು ಮಾತ್ರ, ಒಬ್ಬೊಬ್ಬರ ಹೆಸರಲ್ಲ.

ಅವರಲ್ಲಿ ಒಬ್ಬರು ಫ್ರಾಂಕಿ ಮ್ಯಾನಿಂಗ್. ಆ ಕುಣಿತವನ್ನು ಸಂಯೋಜಿಸಿದವರೂ ಅವರೇ. ಯುದ್ಧ ಮುಗಿಯಿತು, ಅಭಿರುಚಿ ಬದಲಾಯಿತು, ಕುಣಿತ ಕೇಳುವವರಿಲ್ಲವಾಯಿತು. 1958ರಲ್ಲಿ ಸವಾಯ್ ಕೂಡ ಮುಚ್ಚಿತು. ಅಷ್ಟರಲ್ಲಿ ಮ್ಯಾನಿಂಗ್ ಅಂಚೆ ಇಲಾಖೆ ಸೇರಿದ್ದರು. ಅಲ್ಲೇ ಮೂರು ದಶಕ ದುಡಿದರು. 1986ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಯುವ ನರ್ತಕರು ಅವರನ್ನು ಹುಡುಕಿಕೊಂಡು ಬಂದು, ನಮಗೆ ಕಲಿಸಿ ಎಂದು ಕೇಳಿಕೊಂಡರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. 1989ರಲ್ಲಿ ನೃತ್ಯ ಸಂಯೋಜನೆಗಾಗಿ ಟೋನಿ ಪ್ರಶಸ್ತಿಯಲ್ಲಿ ಪಾಲು ಪಡೆದರು. ಸ್ವೀಡನ್ನಿನ ಹೆರೆಂಗ್ ಎಂಬ ಹಳ್ಳಿಯಲ್ಲಿ 1982ರಲ್ಲಿ ಆರಂಭವಾದ ನೃತ್ಯ ಶಿಬಿರದಲ್ಲೂ ಹಲವು ವರ್ಷ ಕಲಿಸಿದರು. 2009ರಲ್ಲಿ, 95 ತುಂಬಲು ಒಂದು ತಿಂಗಳಿರುವಾಗ, ತೀರಿಕೊಂಡರು.

ಆ ಯುವಕ ಯುವತಿಯರು ಚಪ್ಪಾಳೆ ತಟ್ಟಿ ಸುಮ್ಮನಾಗಿದ್ದರೆ ಈ ಕಲೆ ಕಲಿಸಬಲ್ಲ ಜೀವವೊಂದು ಯಾರಿಗೂ ತಿಳಿಯದೆ ನಿವೃತ್ತಿಯಾಗುತ್ತಿತ್ತು. ಹಳೆಯ ಪ್ರದರ್ಶನಗಳ ನಿಜವಾದ ಅಭಿಮಾನಿಗಳು ಹೀಗೆಯೇ. ನೋಡಿದ್ದನ್ನೇ ಹತ್ತು ಸಲ ನೋಡುತ್ತಾರೆ, ನಿಧಾನಗೊಳಿಸಿ ಹೆಜ್ಜೆ ಎಣಿಸುತ್ತಾರೆ, ಮೂಲೆಯಲ್ಲಿ ನಿಂತ ಡೋಲಿನವ ಯಾರೆಂದು ವಿಚಾರಿಸುತ್ತಾರೆ. ನೋಡುವುದು, ಎಣಿಸುವುದು, ಪ್ರಶ್ನೆ ಕೇಳುವುದು ವಿಜ್ಞಾನದ ಪಾಠವೂ ಹೌದಲ್ಲವೇ?

ಪೋಷಕರೇ, ಮಕ್ಕಳು ಮೊಬೈಲಿನಲ್ಲಿ ಹಳೆಯ ಕುಣಿತವನ್ನೋ ಹಾಡನ್ನೋ ನೋಡುತ್ತಿದ್ದರೆ ಕೂಡಲೇ ಗದರಬೇಡಿ. ಪಕ್ಕದಲ್ಲಿ ಕುಳಿತು, ಇವರು ಯಾರು, ಯಾವ ಕಾಲದವರು, ಆಮೇಲೆ ಏನಾದರು ಎಂದು ಕೇಳಿ. ಉತ್ತರ ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಿ. ನಿಮ್ಮ ಊರಿನಲ್ಲೂ ಒಂದು ಕಾಲಕ್ಕೆ ಹೆಸರು ಮಾಡಿ ಈಗ ಸುಮ್ಮನೆ ಕುಳಿತಿರುವ ವೇಷಧಾರಿಯೋ, ಹಾರ್ಮೋನಿಯಂ ಮೇಷ್ಟ್ರೋ ಇರಬಹುದು. ಅವರು ಇರುವಾಗಲೇ ಮಕ್ಕಳು ಹೋಗಿ ಮಾತನಾಡಿಸಲಿ.